ಪಂದ್ಯಗಳಿಲ್ಲದ ತಿಂಗಳುಗಳು: ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ವಾರ್ತೆ ಮತ್ತು ಜಿದ್ದು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಫುಟ್‌ಬಾಲ್ ಎಂದು ಕರೆಯಲ್ಪಡುವ ಆಟವು ನಮ್ಮ ಕಾಲೇಜುಗಳ ಬಯಲಿನಲ್ಲಿ ನಡೆಯುವ ಕಾಲ್ಚೆಂಡಾಟವಲ್ಲ. ಅದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಎಸೆಯುತ್ತ, ಎದುರಾಳಿಗಳ ಸಾಲನ್ನು ಭೇದಿಸಿ ನೆಲವನ್ನು ಗಜಗಜವಾಗಿ ಗೆಲ್ಲುವ ಆಟ. ಈ ಆಟದ ವೃತ್ತಿಪರ ತಂಡಗಳ ಒಕ್ಕೂಟವಾದ ನ್ಯಾಷನಲ್ ಫುಟ್‌ಬಾಲ್ ಲೀಗ್ ೧೯೨೦ರಲ್ಲಿ ಒಹಾಯೋ ಸಂಸ್ಥಾನದ ಕ್ಯಾಂಟನ್ ಎಂಬ ಊರಿನಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿ, ೧೯೨೨ರಲ್ಲಿ ಈಗಿನ ಹೆಸರನ್ನು ತಳೆಯಿತು. ಇಂದು ಅದರಲ್ಲಿ ೩೨ ತಂಡಗಳಿವೆ. ಆಟದ ಋತು ಸೆಪ್ಟೆಂಬರಿನಲ್ಲಿ ಆರಂಭವಾಗಿ ಫೆಬ್ರವರಿಯ ಅಂತಿಮ ಪಂದ್ಯದೊಡನೆ ಮುಗಿಯುತ್ತದೆ. ಎಂದರೆ ವರ್ಷದ ಅರ್ಧಕ್ಕೂ ಮಿಗಿಲಾದ ಕಾಲ ಲೆಕ್ಕಕ್ಕೆ ಬರುವ ಪಂದ್ಯ ಒಂದೂ ನಡೆಯುವುದಿಲ್ಲ.

ಆದರೂ ಈ ವಿರಾಮಕಾಲದಲ್ಲಿ ಆ ದೇಶದ ಪತ್ರಿಕೆಗಳ ಕ್ರೀಡಾಪುಟಗಳು ಬರಿದಾಗುವುದಿಲ್ಲ. ಅಭಿಮಾನಿಗಳ ಜಿದ್ದೂ ತಣಿಯುವುದಿಲ್ಲ. ಕಾಳಗವೇ ಇಲ್ಲದಿರುವಾಗ ಹಗೆಯು ಹೇಗೆ ಬದುಕಿರುತ್ತದೆ ಎಂಬುದು ಇತಿಹಾಸದ ವಿದ್ಯಾರ್ಥಿಗಳು ಕೇಳತಕ್ಕ ಪ್ರಶ್ನೆಯೇ ಆಗಿದೆ. ಈ ವಿರಾಮಕಾಲವು ತಾನಾಗಿ ಒದಗಿದ ಶೂನ್ಯವಲ್ಲ, ನಿಯಮಗಳಿಂದಲೂ ನ್ಯಾಯಾಲಯದ ತೀರ್ಪುಗಳಿಂದಲೂ ಕಟ್ಟಲ್ಪಟ್ಟ ಒಂದು ವ್ಯವಸ್ಥೆ ಎಂಬುದನ್ನೂ, ತಂಡವೊಂದು ನಿಜವಾಗಿ ಯಾರ ಸ್ವತ್ತು ಎಂಬ ಪ್ರಶ್ನೆ ಆ ಕಾಲದಲ್ಲಿಯೇ ಸ್ಪಷ್ಟವಾಗಿ ಕಾಣಬರುತ್ತದೆ ಎಂಬುದನ್ನೂ ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ಜಿದ್ದಿನ ಮೂಲವನ್ನು ನೋಡೋಣ. ವಿಸ್ಕಾನ್ಸಿನ್ ಸಂಸ್ಥಾನದ ಗ್ರೀನ್ ಬೇ ಎಂಬುದು ಸುಮಾರು ಒಂದು ಲಕ್ಷ ಜನವಸತಿಯ ಪಟ್ಟಣ. ಮಾಂಸವನ್ನು ಡಬ್ಬಿಗಳಲ್ಲಿ ತುಂಬುವ ಕಂಪನಿಯೊಂದರ ನೆರವಿನಿಂದ ೧೯೧೯ರಲ್ಲಿ ಅಲ್ಲಿ ಹುಟ್ಟಿದ ಪ್ಯಾಕರ್ಸ್ ತಂಡವು ಮಹಾನಗರವಾದ ಷಿಕಾಗೋವಿನ ತಂಡವನ್ನು ಮೊದಲು ಎದುರಿಸಿದ್ದು ೧೯೨೧ರಲ್ಲಿ. ಮರುವರ್ಷ ಬೇರ್ಸ್ ಎಂಬ ಹೆಸರನ್ನು ಪಡೆದ ಆ ತಂಡಕ್ಕೂ ಗ್ರೀನ್ ಬೇಗೂ ನಡೆದುಬಂದ ಸ್ಪರ್ಧೆ ಇಂದಿಗೆ ನೂರು ವರ್ಷಗಳನ್ನು ದಾಟಿದೆ. ಒಂದೇ ವಿಭಾಗಕ್ಕೆ ಸೇರಿದ ತಂಡಗಳು ವರ್ಷಕ್ಕೆ ಎರಡು ಬಾರಿ ಸೆಣಸಬೇಕೆಂಬುದು ಲೀಗಿನ ಕ್ರಮ. ನೆರೆಹೊರೆಯ ಮತ್ಸರಕ್ಕೆ ಈ ನಿಯತವಾದ ಪುನರಾವೃತ್ತಿ ಸೇರಿದಾಗ, ತಂದೆಯ ಹಗೆ ಮಗನಿಗೆ ಆಸ್ತಿಯಂತೆ ಇಳಿದುಬರುತ್ತದೆ.

ಆದರೆ ನೆರೆಹೊರೆಯೊಂದೇ ಕಾರಣವೆನ್ನುವಂತಿಲ್ಲ. ಡಲ್ಲಾಸ್ ಮತ್ತು ವಾಷಿಂಗ್‌ಟನ್ ನಗರಗಳ ನಡುವೆ ಸಾವಿರ ಮೈಲಿಗೂ ಮಿಕ್ಕ ಅಂತರವಿದೆ. ಆದರೂ ಅವುಗಳ ವೈರ ಪ್ರಸಿದ್ಧವಾದುದು. ಅದರ ಬೀಜ ಬಿದ್ದದ್ದು ಆಟದ ಬಯಲಿನಲ್ಲಲ್ಲ. ಡಲ್ಲಾಸಿಗೆ ಒಂದು ತಂಡವನ್ನು ದೊರಕಿಸಲು ಕ್ಲಿಂಟ್ ಮರ್ಚಿಸನ್ ಎಂಬ ಧನಿಕನು ಯತ್ನಿಸಿದಾಗ, ದಕ್ಷಿಣದ ಪ್ರೇಕ್ಷಕರೆಲ್ಲ ತನ್ನವರೆಂದು ಭಾವಿಸಿದ್ದ ವಾಷಿಂಗ್‌ಟನ್ ತಂಡದ ಒಡೆಯ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಅಡ್ಡಬಂದನು. ಮಾರ್ಷಲ್ಲನೊಡನೆ ಮನಸ್ತಾಪ ಬೆಳೆದಿದ್ದ ಸಂಗೀತಗಾರನೊಬ್ಬನಿಂದ ಆ ತಂಡದ ಸಮರಗೀತೆಯ ಹಕ್ಕನ್ನೇ ಮರ್ಚಿಸನ್ ಕೊಂಡುಕೊಂಡನು. ತನ್ನ ತಂಡದ ಹಾಡನ್ನು ತಾನೇ ಹಾಡಿಸಲಾಗದ ಸ್ಥಿತಿಗೆ ಬಂದ ಮಾರ್ಷಲ್, ಹಾಡಿನ ಹಕ್ಕನ್ನು ಮರಳಿ ಪಡೆಯುವುದಕ್ಕಾಗಿ ಡಲ್ಲಾಸಿನ ಪರವಾಗಿ ಮತವಿತ್ತನು. ೧೯೬೦ರ ಜನವರಿಯಲ್ಲಿ ಡಲ್ಲಾಸಿಗೆ ಮನ್ನಣೆ ದೊರೆಯಿತು. ಹೀಗೆ ಒಂದು ಪಂದ್ಯವನ್ನಾದರೂ ಆಡುವುದಕ್ಕೆ ಮೊದಲೇ ಎರಡು ತಂಡಗಳಿಗೆ ವೈರ ಪ್ರಾಪ್ತವಾಗಿತ್ತು. ೨೦೦೨ರಲ್ಲಿ ಲೀಗು ತನ್ನ ವಿಭಾಗಗಳನ್ನು ಪುನಃ ರಚಿಸಿದಾಗಲೂ ಭೂಪಟಕ್ಕೆ ವಿರೋಧವಾಗಿ ಡಲ್ಲಾಸನ್ನು ಪೂರ್ವದ ವಿಭಾಗದಲ್ಲಿಯೇ ಉಳಿಸಿಕೊಂಡಿತು. ಜಿದ್ದು ಭೂಗೋಳಕ್ಕಿಂತ ಬಲವಾದುದೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ವಿರಾಮಕಾಲದ ಮುಖ್ಯ ವಿಧಿಯಾದ ಡ್ರಾಫ್ಟನ್ನು ಕುರಿತು ವಿಚಾರಿಸೋಣ. ವಿಶ್ವವಿದ್ಯಾನಿಲಯಗಳ ಆಟವನ್ನು ಮುಗಿಸಿದ ತರುಣರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಕ್ರಮಕ್ಕೆ ಈ ಹೆಸರು. ಅದಕ್ಕೆ ಮುಂಚೆ ಹಣವಂತ ತಂಡಗಳೇ ಉತ್ತಮ ಆಟಗಾರರನ್ನು ಸೆಳೆದುಕೊಳ್ಳುತ್ತಿದ್ದವು. ೧೯೩೫ರಲ್ಲಿ ಫಿಲಡೆಲ್ಫಿಯದ ಒಡೆಯ ಬರ್ಟ್ ಬೆಲ್, ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ನಿಂತ ತಂಡಕ್ಕೆ ಮೊದಲ ಸರದಿ ಸಲ್ಲಬೇಕೆಂದು ಸೂಚಿಸಿದನು. ಕೆಳಗೆ ನಿಂತ ತಂಡ ಅವನದೇ ಆಗಿದ್ದುದು ಗಮನಾರ್ಹ. ೧೯೩೬ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯದ ಹೊಟೇಲೊಂದರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊಟ್ಟಮೊದಲು ಆಯ್ಕೆಯಾದ ಷಿಕಾಗೋ ವಿಶ್ವವಿದ್ಯಾನಿಲಯದ ಜೇ ಬರ್ವಾಂಗರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆ ಕಾಲಕ್ಕೆ ಆಟದ ವೃತ್ತಿ ಅಷ್ಟು ಆಕರ್ಷಕವಾಗಿರಲಿಲ್ಲ. ೧೯೮೦ರಲ್ಲಿ ಈ ಕಲಾಪವನ್ನು ಟೆಲಿವಿಷನ್ನಿನಲ್ಲಿ ಮೊದಲ ಬಾರಿಗೆ ಪ್ರಸಾರ ಮಾಡಲಾಯಿತು. ೨೦೨೪ರ ಏಪ್ರಿಲಿನಲ್ಲಿ ಡೆಟ್ರಾಯಿಟ್ ನಗರದಲ್ಲಿ ನಡೆದ ಡ್ರಾಫ್ಟಿಗೆ ಮೂರು ದಿನಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ನೆರೆದಿದ್ದರು. ಚೆಂಡಿಲ್ಲ, ಆಟವಿಲ್ಲ, ಹೆಸರುಗಳನ್ನು ಓದಿ ಹೇಳುವುದನ್ನು ಕೇಳಲು ಅಷ್ಟು ಜನ!

ಇದರ ಅರ್ಥವೇನು? ಸೋತವನಿಗೆ ಮೊದಲ ಸರದಿ ಎಂಬ ನಿಯಮವು ಭರವಸೆಗೆ ಒಂದು ಪಂಚಾಂಗವನ್ನು ಕಟ್ಟಿಕೊಟ್ಟಿತು. ಕಳೆದ ಋತುವಿನಲ್ಲಿ ನೆಲಕಚ್ಚಿದ ತಂಡದ ಅಭಿಮಾನಿಯೂ ಏಪ್ರಿಲಿನಲ್ಲಿ ತಲೆಯೆತ್ತಿ ನಡೆಯುತ್ತಾನೆ. ೧೯೬೧ರ ಪ್ರಸಾರ ಕಾಯಿದೆಯು ತಂಡಗಳು ಒಟ್ಟಾಗಿ ಪ್ರಸಾರದ ಹಕ್ಕನ್ನು ಮಾರಲು ಅನುಮತಿಯಿತ್ತು, ಬಂದ ಹಣವನ್ನು ಸಮನಾಗಿ ಹಂಚಿಕೊಳ್ಳುವ ಪದ್ಧತಿಗೆ ದಾರಿಮಾಡಿತು. ಗ್ರೀನ್ ಬೇಯಂತಹ ಸಣ್ಣ ಪಟ್ಟಣ ಷಿಕಾಗೋವಿಗೆ ಸರಿಸಮನಾಗಿ ನಿಲ್ಲಬಲ್ಲುದು ಈ ಹಂಚಿಕೆಯ ಬಲದಿಂದ. ಹೊರಗೆ ಹಗೆಯಾಗಿ ಕಾಣುವುದು ಒಳಗೆ ಪರಸ್ಪರ ಪೋಷಣೆಯಾಗಿದೆ.

ಈ ಸಮತೆಯ ಬೆಲೆಯನ್ನು ಬಹುಕಾಲ ತೆತ್ತವರು ಆಟಗಾರರು. ತನ್ನನ್ನು ಆರಿಸಿದ ತಂಡವನ್ನು ಬಿಟ್ಟು ಬೇರೊಂದನ್ನು ಸೇರುವ ಸ್ವಾತಂತ್ರ್ಯ ಅವರಿಗೆ ಹೆಸರಿಗೆ ಮಾತ್ರ ಇತ್ತು. ೧೯೯೨ರಲ್ಲಿ ಮಿನಿಯಾಪೊಲಿಸಿನ ಜ್ಯೂರಿಯು ಲೀಗಿನ ನಿರ್ಬಂಧಗಳು ಕಾನೂನಿಗೆ ವಿರುದ್ಧವೆಂದು ನಿರ್ಣಯಿಸಿತು. ೧೯೯೩ರ ಒಡಂಬಡಿಕೆಯಿಂದ ಕರಾರಿನ ಅವಧಿ ಮುಗಿದ ಅನುಭವಸ್ಥ ಆಟಗಾರನು ಸ್ವತಂತ್ರನಾದನು. ಪ್ರತಿಯಾಗಿ ೧೯೯೪ರಲ್ಲಿ ಪ್ರತಿ ತಂಡದ ಒಟ್ಟು ವೇತನಕ್ಕೆ ಮಿತಿ ಬಂದಿತು. ಆ ವರ್ಷ ೩ ಕೋಟಿ ೪೬ ಲಕ್ಷ ಡಾಲರಾಗಿದ್ದ ಮಿತಿ ೨೦೨೫ರಲ್ಲಿ ೨೭ ಕೋಟಿ ೯೨ ಲಕ್ಷಕ್ಕೆ ಏರಿತ್ತು. ಅಂದಿನಿಂದ ಮಾರ್ಚ್ ತಿಂಗಳೆಂದರೆ ವಾರ್ತೆಗಳ ಸುಗ್ಗಿ. ಯಾರು ಹೋದರು, ಯಾರು ಬಂದರು, ಯಾರನ್ನು ಮಿತಿಯ ಸಲುವಾಗಿ ಕೈಬಿಟ್ಟರು ಎಂಬುದೇ ಎಲ್ಲೆಡೆಯ ಮಾತು.

ನಿಷ್ಠೆ ಎಂಬುದು ಇಲ್ಲಿ ಕಠಿಣವಾದ ಪರೀಕ್ಷೆಗೆ ಒಳಗಾಗುತ್ತದೆ. ಬ್ರೆಟ್ ಫಾರ್ವ್ ೧೯೯೨ರಿಂದ ೧೬ ಋತುಗಳ ಕಾಲ ಗ್ರೀನ್ ಬೇಯ ಆರಾಧ್ಯನಾಗಿದ್ದನು. ೨೦೦೮ರ ಮಾರ್ಚಿನಲ್ಲಿ ನಿವೃತ್ತಿಯನ್ನು ಸಾರಿ, ಬೇಸಗೆಯಲ್ಲಿ ಮನಸ್ಸು ಬದಲಿಸಿದನು. ತಂಡವು ಅಷ್ಟರಲ್ಲಿ ತರುಣನಾದ ಆರನ್ ರಾಜರ್ಸನನ್ನು ನೆಚ್ಚಿಕೊಂಡಿದ್ದಿತು. ಆಗಸ್ಟಿನಲ್ಲಿ ಫಾರ್ವನನ್ನು ನ್ಯೂಯಾರ್ಕಿಗೆ ಕೊಟ್ಟುಬಿಟ್ಟಿತು. ೨೦೦೯ರ ಆಗಸ್ಟಿನಲ್ಲಿ ಆತನು ಬದ್ಧವೈರಿಗಳಾದ ಮಿನ್ನೆಸೋಟದವರನ್ನೇ ಸೇರಿ, ಆ ಋತುವಿನ ಎರಡು ಪಂದ್ಯಗಳಲ್ಲಿಯೂ ಗ್ರೀನ್ ಬೇಯನ್ನು ಸೋಲಿಸಿದನು. ಹಿಂದೆ ಜಯಘೋಷ ಮಾಡಿದ ಕ್ರೀಡಾಂಗಣವೇ ಅವನನ್ನು ಕೂಗಿ ಹೀಯಾಳಿಸಿತು. ಆದರೆ ೨೦೧೫ರ ಜುಲೈಯಲ್ಲಿ ಅದೇ ಕ್ರೀಡಾಂಗಣ ಕಿಕ್ಕಿರಿದು ನೆರೆದು ಅವನನ್ನು ಸತ್ಕರಿಸಿತು. ಈ ಕಥೆಯ ಹೊಡೆತಗಳು ಮತ್ತು ಅದರ ಶಾಂತಿ ಬಹುಮಟ್ಟಿಗೆ ವಿರಾಮಕಾಲದಲ್ಲಿಯೇ ಘಟಿಸಿದವೆಂಬುದನ್ನು ಓದುಗರು ಲಕ್ಷಿಸಬೇಕು.

ಆಟಗಾರನೊಬ್ಬನು ಹೋದರೆ ಉಂಟಾಗುವ ಗಾಯ ಮಾಯಬಹುದು. ತಂಡವೇ ಹೊರಟುಹೋದರೆ? ಬಾಲ್ಟಿಮೋರಿನ ಕೋಲ್ಟ್ಸ್ ತಂಡವನ್ನು ಕಾನೂನಿನ ಮೂಲಕ ವಶಪಡಿಸಿಕೊಳ್ಳಲು ಮೇರಿಲೆಂಡಿನ ಶಾಸನಸಭೆ ಸಿದ್ಧತೆ ನಡೆಸಿದ್ದಾಗ, ೧೯೮೪ರ ಮಾರ್ಚ್ ೨೮ರ ರಾತ್ರಿ ಒಡೆಯನಾದ ರಾಬರ್ಟ್ ಇರ್ಸೆ ತಂಡದ ಸಾಮಾನುಗಳನ್ನೆಲ್ಲ ಲಾರಿಗಳಲ್ಲಿ ಹೇರಿಸಿ ಇಂಡಿಯಾನಾಪೊಲಿಸಿಗೆ ಸಾಗಿಸಿಬಿಟ್ಟನು. ತಂಡ ಹೋದರೂ ಅದರ ವಾದ್ಯವೃಂದ ಚದುರದೆ ಊರಿನಲ್ಲಿಯೇ ಉಳಿದು ನುಡಿಸುತ್ತಲಿದ್ದಿತು. ಹನ್ನೆರಡು ವರ್ಷಗಳ ಮೇಲೆ, ಹೀಗೆ ನೊಂದ ಬಾಲ್ಟಿಮೋರೇ ಇನ್ನೊಂದು ಊರಿನ ನೋವಿನಿಂದ ಲಾಭ ಪಡೆಯಿತು. ೧೯೯೫ರ ನವೆಂಬರಿನಲ್ಲಿ ಕ್ಲೀವ್‌ಲೆಂಡಿನ ಬ್ರೌನ್ಸ್ ತಂಡದ ಒಡೆಯ ಆರ್ಟ್ ಮಾಡೆಲ್ ತಂಡವನ್ನು ಬಾಲ್ಟಿಮೋರಿಗೆ ಒಯ್ಯುವುದಾಗಿ ಸಾರಿದನು. ನಗರವು ದಾವೆ ಹೂಡಿತು. ೧೯೯೬ರ ಫೆಬ್ರವರಿಯಲ್ಲಿ ಆದ ರಾಜಿಯಂತೆ ಆಟಗಾರರು ಬಾಲ್ಟಿಮೋರಿಗೂ, ತಂಡದ ಹೆಸರು, ಬಣ್ಣ, ದಾಖಲೆಗಳು ಕ್ಲೀವ್‌ಲೆಂಡಿಗೂ ಸಂದವು. ಅದೇ ಹೆಸರಿನ ಹೊಸ ತಂಡ ೧೯೯೯ರಲ್ಲಿ ಕಣಕ್ಕಿಳಿಯಿತು. ತಂಡವೊಂದರ ಇತಿಹಾಸ ಊರಿನ ಸ್ವತ್ತೆಂದು ಲಿಖಿತವಾಗಿ ಒಪ್ಪಿಕೊಂಡುದು ಇತಿಹಾಸಕಾರರು ಮರೆಯಲಾಗದ ಸಂಗತಿ.

ಈ ಸ್ಥಳಾಂತರಕ್ಕೆ ಲೀಗಿನ ಒಡೆಯರಲ್ಲಿ ಇಪ್ಪತ್ತೈದು ಮಂದಿ ಒಪ್ಪಿಗೆಯಿತ್ತರು. ವಿರೋಧಿಸಿದ ತಂಡಗಳು ಎರಡೇ: ಬಫಲೋ ಮತ್ತು ಪಿಟ್ಸ್‌ಬರ್ಗ್. ಪಿಟ್ಸ್‌ಬರ್ಗ್ ಎಂದರೆ ೧೯೫೦ರಿಂದ ಕ್ಲೀವ್‌ಲೆಂಡಿನೊಡನೆ ವರ್ಷವರ್ಷವೂ ಸೆಣಸಿದ ಬದ್ಧವೈರಿ. ವೈರಿಯ ಊರು ಬರಿದಾಗಬಾರದೆಂದು ಮತವಿತ್ತವರಲ್ಲಿ ವೈರಿಯೇ ಒಬ್ಬನು! ಎದುರಾಳಿಯಿಲ್ಲದೆ ತನ್ನ ಊರಿನ ಅಭಿಮಾನಕ್ಕೂ ಆಕಾರವಿಲ್ಲವೆಂಬ ತಿಳಿವು ಈ ಮತದಲ್ಲಿ ಅಡಗಿದೆ ಎಂದು ನಾವು ಭಾವಿಸುತ್ತೇವೆ.

ಒಡೆತನ ಮತ್ತು ಅಭಿಮಾನಗಳ ಈ ಬಿರುಕು ಕಾಣದಿರುವುದು ಗ್ರೀನ್ ಬೇಯಲ್ಲಿ ಮಾತ್ರ. ೧೯೨೩ರಿಂದ ಅಲ್ಲಿಯ ತಂಡ ಸಾರ್ವಜನಿಕರ ಷೇರುಗಳಿಂದ ನಡೆಯುತ್ತಿದೆ. ಐದು ಲಕ್ಷಕ್ಕೂ ಮಿಕ್ಕ ಷೇರುದಾರರಿಗೆ ಲಾಭಾಂಶವಿಲ್ಲ. ಷೇರನ್ನು ಮಾರುಕಟ್ಟೆಯಲ್ಲಿ ಮಾರುವಂತೆಯೂ ಇಲ್ಲ. ಲೀಗಿನ ನಿಯಮದಂತೆ ಇತರ ಯಾವ ತಂಡಕ್ಕೂ ಇಂತಹ ಒಡೆತನಕ್ಕೆ ಅವಕಾಶವಿಲ್ಲ. ಮಿಕ್ಕ ಊರುಗಳಲ್ಲಿ ತಂಡ ಒಡೆಯನದು, ಜಿದ್ದು ಜನರದು.

ವಿರಾಮಕಾಲದ ವಾರ್ತೆಗಳಲ್ಲಿ ಬಹುಪಾಲು ಊಹೆಯೆಂಬುದು ನಿಜ. ಆದರೆ ಊಹೆಯನ್ನು ಸುಳ್ಳೆಂದು ತಳ್ಳಿಬಿಡುವುದು ಇತಿಹಾಸಾಧ್ಯಯನಕ್ಕೆ ತಕ್ಕುದಲ್ಲ. ಪಂದ್ಯದ ಅಂಕಗಳು ನಡೆದುದನ್ನು ಹೇಳುತ್ತವೆ. ಮಾರ್ಚಿನ ಗಾಳಿಮಾತು ಜನರು ಬಯಸಿದುದನ್ನೂ ಅಂಜಿದುದನ್ನೂ ಹೇಳುತ್ತದೆ. ಕ್ಲೀವ್‌ಲೆಂಡಿನವರು ಅಂಜಿದುದು ನಿಜವಾಯಿತು. ಆದರೆ ಹೆಸರನ್ನೂ ಬಣ್ಣವನ್ನೂ ಬಿಟ್ಟುಕೊಡದೆ ಮೂರು ವರ್ಷ ಕಾದು ಮತ್ತೆ ಪಿಟ್ಸ್‌ಬರ್ಗನ್ನು ಎದುರಿಸಿದವರೂ ಅವರೇ.