ಓದುವ ಕಣ್ಣು ಮತ್ತು ಕೋಡಗ: ಅಕ್ಷಿಪಟಲದ ಸಂಶೋಧನೆಯ ಬಗೆಗೆ ಕೆಲವು ಮಾತು

ಮಾಟುಂಗದಲ್ಲಿ ನೆಲೆಸಿರುವ ನಮ್ಮ ಹಿರಿಯ ವಿದ್ವಾಂಸರೊಬ್ಬರು ಕೆಲವು ವರ್ಷಗಳ ಹಿಂದೆ ನನ್ನನ್ನು ಕರೆಸಿಕೊಂಡು, ತಾವು ಸಂಪಾದಿಸುತ್ತಿದ್ದ ಗ್ರಂಥದ ಕರಡಚ್ಚನ್ನು ಗಟ್ಟಿಯಾಗಿ ಓದಿ ಹೇಳುವಂತೆ ಕೇಳಿದರು. ಎಂಬತ್ತು ದಾಟಿದ್ದರೂ ಅದುವರೆಗೆ ಅವರು ಕರಡು ತಿದ್ದುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದವರಲ್ಲ. "ಪುಟದ ನಾಲ್ಕು ಅಂಚೂ ಕಾಣುತ್ತವೆ. ನಾನು ನೋಡಬೇಕೆಂದ ಅಕ್ಷರ ಮಾತ್ರ ಕಾಣುವುದಿಲ್ಲ. ಸಾಲುಗಳು ನಡುವೆ ಬಾಗಿದ ಹಾಗಿವೆ" ಎಂದರು. ವೈದ್ಯರು ಅದನ್ನು ಅಕ್ಷಿಪಟಲದ ಮಧ್ಯಭಾಗದ ಕ್ಷಯವೆಂದು ನಿರ್ಣಯಿಸಿ, ಕಣ್ಣಿನೊಳಕ್ಕೇ ತಿಂಗಳಿಗೊಮ್ಮೆ ಚುಚ್ಚುಮದ್ದು ಕೊಡಲು ತೊಡಗಿದ್ದರು. ಮೂರನೆಯ ಚುಚ್ಚುಮದ್ದಿನ ಅನಂತರ ಸಾಲುಗಳು ತುಸು ನೇರವಾದುವು. ಆಗ ಅವರು ಕೇಳಿದ ಪ್ರಶ್ನೆ ಇದು: "ಈ ಔಷಧವನ್ನು ನನಗಿಂತ ಮೊದಲು ಯಾರ ಕಣ್ಣಿಗೆ ಹಾಕಿ ನೋಡಿದರು? ಹುಡುಕಿ ಹೇಳಿ." ಆ ಹುಡುಕಾಟದ ಫಲವೇ ಪ್ರಸ್ತುತ ಲೇಖನ. ವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೆ ಓದುವುದನ್ನೇ ವೃತ್ತಿಯನ್ನಾಗಿ ಮಾಡಿಕೊಂಡ ನಮ್ಮಂಥವರಿಗೆ ಈ ವಿಷಯ ಹೊರಗಿನದೆಂದು ನನಗೆ ತೋರುವುದಿಲ್ಲ.

ಕಣ್ಣಿನ ಹಿಂಬದಿಯ ಒಳಗೋಡೆಗೆ ಅಂಟಿಕೊಂಡಿರುವ ತೆಳುವಾದ ನರಪದರವೇ ಅಕ್ಷಿಪಟಲ, ಅಂದರೆ ರೆಟಿನಾ. ಬೆಳಕನ್ನು ಗ್ರಹಿಸುವ ಎರಡು ಬಗೆಯ ಕೋಶಗಳು ಅದರಲ್ಲಿವೆ. ದಂಡಕೋಶಗಳು ಮಂದ ಬೆಳಕಿಗೆ, ಶಂಕುಕೋಶಗಳು ಬಣ್ಣಕ್ಕೆ ಮತ್ತು ಸೂಕ್ಷ್ಮ ವಿವರಕ್ಕೆ. ಈ ಪದರದ ನಡುವೆ ಹಳದಿ ಛಾಯೆಯ ಒಂದು ಚುಕ್ಕೆಯಿದೆ, ಅದೇ ಮ್ಯಾಕ್ಯುಲ. ಅದರ ನಟ್ಟನಡುವೆ ಒಂದೂವರೆ ಮಿಲಿಮೀಟರ್‌ನಷ್ಟು ಅಗಲದ ಒಂದು ಕುಳಿ ಇದೆ. ಅದಕ್ಕೆ ಫೋವಿಯ ಎಂದು ಹೆಸರು. ಕುಳಿಯ ತಳದಲ್ಲಿ ದಂಡಕೋಶಗಳಿಲ್ಲ, ರಕ್ತನಾಳಗಳಿಲ್ಲ. ಶಂಕುಕೋಶಗಳು ಮಾತ್ರ ಒತ್ತೊತ್ತಾಗಿ ನಿಂತಿವೆ. ತೋಳನ್ನು ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿದರೆ, ನಮಗೆ ಅತ್ಯಂತ ನಿಚ್ಚಳವಾಗಿ ಕಾಣುವ ಪ್ರದೇಶ ಹೆಚ್ಚುಕಡಿಮೆ ಅಷ್ಟೇ. ಒಂದು ಪುಟವನ್ನು ಓದುವಾಗ ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ, ನೆಗೆನೆಗೆದು ನಿಲ್ಲುತ್ತದೆ. ಪ್ರತಿ ನಿಲುಗಡೆಯಲ್ಲೂ ಈ ಕುಳಿಯ ಮೇಲೆ ಬಿದ್ದ ನಾಲ್ಕಾರು ಅಕ್ಷರಗಳಷ್ಟೇ ಸ್ಪಷ್ಟವಾಗಿ ತಿಳಿಯುತ್ತವೆ. ಒತ್ತಕ್ಷರ, ದೀರ್ಘ, ಸೊನ್ನೆಗಳಿಂದ ತುಂಬಿದ ನಮ್ಮ ಲಿಪಿಯನ್ನು ಓದಬಲ್ಲುದು ಈ ಕುಳಿಯೇ. ಅದು ಕೆಟ್ಟರೆ ಮನುಷ್ಯ ಕುರುಡನಾಗುವುದಿಲ್ಲ. ಬಾಗಿಲನ್ನು ಕಾಣಬಲ್ಲ, ಮೆಟ್ಟಿಲು ಹತ್ತಬಲ್ಲ. ಆದರೆ ಓದಲಾರ, ಎದುರಿಗಿದ್ದವರ ಮುಖವನ್ನು ಗುರುತಿಸಲಾರ.

ಕಣ್ಣನ್ನು ಕುರಿತ ಪದಸಂಪತ್ತು ಕನ್ನಡದಲ್ಲಿ ಕಡಿಮೆಯೇನಲ್ಲ. ಆಲಿ, ಗುಡ್ಡೆ, ಎವೆ, ಪೊರೆ ಇವೆಲ್ಲ ನಮ್ಮವೇ. ಪಾಪೆ ಎಂದರೆ ಬೊಂಬೆ. ಎದುರಿಗೆ ನಿಂತವರ ಪುಟ್ಟ ಪ್ರತಿಬಿಂಬ ಕಣ್ಣಿನಲ್ಲಿ ಕಾಣುವುದರಿಂದ ಆ ಹೆಸರು. ಲ್ಯಾಟಿನ್ ಭಾಷೆಯೂ ಅದೇ ದಾರಿ ಹಿಡಿದು ಪ್ಯೂಪಿಲ ಎಂದಿತು. ಆದರೆ ಇವೆಲ್ಲವೂ ಹೊರಗಿನಿಂದ ಕಾಣುವ ಭಾಗಗಳಿಗೆ ಇಟ್ಟ ಹೆಸರುಗಳು ಎಂಬುದನ್ನು ಗಮನಿಸಬೇಕು. ಒಳಗಿನ ಕುಳಿಯನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅದಕ್ಕೆ ನಮ್ಮಲ್ಲಿ ಹೆಸರೂ ಇಲ್ಲ.

ಮುಖ್ಯ ಸಂಗತಿ ಮುಂದಿದೆ. ಹದ್ದು, ಗಿಡುಗಗಳಂಥ ಹಕ್ಕಿಗಳಲ್ಲಿಯೂ ಕೆಲವು ಹಲ್ಲಿಗಳಲ್ಲಿಯೂ ಇಂಥ ಕುಳಿ ಉಂಟು. ಸಸ್ತನಿಗಳ ಪೈಕಿ ಅದು ಇರುವುದು ವಾನರ ವರ್ಗದಲ್ಲಿ ಮಾತ್ರ. ಪ್ರಯೋಗಶಾಲೆಗಳಲ್ಲಿ ಹೇರಳವಾಗಿ ಬಳಸುವ ಇಲಿಗಿಲ್ಲ, ಮೊಲಕ್ಕಿಲ್ಲ, ನಾಯಿಗೂ ಇಲ್ಲ. ಸ್ಟೀಫನ್ ಪೊಲ್ಯಾಕ್ ಅವರು 1941ರಲ್ಲಿ ಪ್ರಕಟಿಸಿದ ಅಕ್ಷಿಪಟಲವನ್ನು ಕುರಿತ ಬೃಹದ್ಗ್ರಂಥದಲ್ಲಿ ಮನುಷ್ಯನ ಮತ್ತು ಕೋತಿಗಳ ಕಣ್ಣಿನ ಕೋಶರಚನೆಯನ್ನು ಒಟ್ಟಿಗೇ ವಿವರಿಸಿರುವುದು ಇದೇ ಕಾರಣದಿಂದ. ಓದುವ ದೃಷ್ಟಿ ಏಕೆ ಕೆಡುತ್ತದೆ, ಹೇಗೆ ಉಳಿಸಬಹುದು ಎಂದು ತಿಳಿಯಬೇಕಾದರೆ ಮನುಷ್ಯನನ್ನು ಬಿಟ್ಟರೆ ನೋಡಬೇಕಾದದ್ದು ಕೋಡಗನ ಕಣ್ಣನ್ನೇ.

ಈ ನೋಟದ ಚರಿತ್ರೆ ನಮ್ಮ ಕನ್ನಡಕದಿಂದಲೇ ಆರಂಭವಾಗುತ್ತದೆ ಎನ್ನಬಹುದು. ಪುಸ್ತಕಕ್ಕೆ ಅಂಟಿಕೊಂಡವರಿಗೆ ದೂರದೃಷ್ಟಿ ಮಂದವಾಗುವುದು ಏಕೆಂಬ ಪ್ರಶ್ನೆಗೆ ಅಮೆರಿಕದ ಫ್ರಾನ್ಸಿಸ್ ಯಂಗ್ ಅವರು 1961ರಲ್ಲಿ ಒಂದು ಉತ್ತರ ಕೊಟ್ಟರು. ಒಂದೆರಡು ಅಡಿಗಿಂತ ಆಚೆಗೆ ಏನೂ ಕಾಣದಂತೆ ಮರೆಮಾಡಿ ಇರಿಸಿದ ಕೋತಿಗಳಲ್ಲಿ ಸಮೀಪದೃಷ್ಟಿ ಉಂಟಾಗುವುದನ್ನು ಅವರು ತೋರಿಸಿದರು. ಟಾರ್ಸ್ಟನ್ ವೀಸೆಲ್ ಮತ್ತು ಎಲಿಯೊ ರವಿಯೋಲ ಅವರು 1977ರಲ್ಲಿ ಇನ್ನೊಂದು ಸಂಗತಿಯನ್ನು ವರದಿ ಮಾಡಿದರು: ಹುಟ್ಟಿದ ಕೂಡಲೇ ರೆಪ್ಪೆಗಳನ್ನು ಹೊಲಿದು ಮುಚ್ಚಿದ ಮರಿಗಳ ಕಣ್ಣುಗುಡ್ಡೆ ಉದ್ದವಾಗಿ ಬೆಳೆಯುತ್ತದೆ. ಹೊಲಿದು ಎಂಬ ಶಬ್ದವನ್ನು ಓದುಗರು ದಾಟಿಹೋಗಬಾರದು. ನಾನೂ ಅಲ್ಲಿ ತಡೆದು ನಿಂತೆ. ಇದೇ ವೀಸೆಲ್ ಅವರು ಡೇವಿಡ್ ಹ್ಯೂಬೆಲ್ ಅವರೊಡನೆ ಬೆಕ್ಕು ಮತ್ತು ಕೋತಿಗಳ ಮರಿಗಳಲ್ಲಿ ಒಂದು ಕಣ್ಣನ್ನು ಮುಚ್ಚಿ ನೋಡಿದಾಗ, ಎಳೆವಯಸ್ಸಿನ ಒಂದು ಅವಧಿಯಲ್ಲಿ ಕಾಣದೆ ಉಳಿದ ಕಣ್ಣಿನೊಡನೆ ಮೆದುಳು ಸಂಬಂಧವನ್ನೇ ಕಡಿದುಕೊಳ್ಳುವುದು, ಆಮೇಲೆ ರೆಪ್ಪೆ ತೆರೆದರೂ ಆ ಕಣ್ಣಿಗೆ ಸರಿಯಾದ ದೃಷ್ಟಿ ಬಾರದಿರುವುದು ಸ್ಪಷ್ಟವಾಯಿತು. ಅವರಿಬ್ಬರಿಗೆ 1981ರಲ್ಲಿ ನೊಬೆಲ್ ಪಾರಿತೋಷಿಕ ಬಂತು. ಹುಟ್ಟಿನಿಂದಲೇ ಪೊರೆ ಇರುವ ಕೂಸಿಗೆ "ದೊಡ್ಡದಾಗಲಿ, ಆಮೇಲೆ ನೋಡೋಣ" ಎನ್ನದೆ ತಿಂಗಳುಗಳೊಳಗೇ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ಇಂದಿನ ವೈದ್ಯರ ಅವಸರಕ್ಕೆ ಆಧಾರ ಅಲ್ಲಿದೆ.

ಇನ್ನು ಹಿರಿಯರ ಚುಚ್ಚುಮದ್ದಿನ ವಿಷಯ. ವಯಸ್ಸಾದವರಲ್ಲಿ ಕಾಣಿಸುವ ಮ್ಯಾಕ್ಯುಲದ ಕ್ಷಯದಲ್ಲಿ ಒಂದು ಬಗೆ ಉಗ್ರವಾದುದು: ಅಕ್ಷಿಪಟಲದ ಅಡಿಯಿಂದ ಹೊಸ ರಕ್ತನಾಳಗಳು ಕಳೆಯಂತೆ ಮೇಲೆದ್ದು, ಸೋರಿ, ಪದರವನ್ನು ಉಬ್ಬಿಸುತ್ತವೆ. ಸಾಲು ಬಾಗಿ ಕಾಣುವುದು ಅದರಿಂದಲೇ. ಈ ನಾಳಗಳನ್ನು ಬೆಳೆಸುವ ಪ್ರೋಟೀನು ಯಾವುದೆಂಬುದು ಬಹುಕಾಲ ಊಹೆಯಾಗಿತ್ತು. ಸ್ಟೀಫನ್ ರಯಾನ್ ಅವರು ಲೇಸರ್ ಕಿರಣದಿಂದ ಕೋತಿಯ ಮ್ಯಾಕ್ಯುಲದಲ್ಲಿ ಸಣ್ಣ ಗಾಯಗಳನ್ನು ಮಾಡಿ, ಅಲ್ಲಿ ಇಂಥ ನಾಳಗಳೇ ಹುಟ್ಟುವಂತೆ ಮಾಡುವ ವಿಧಾನವನ್ನು ರೂಪಿಸಿದ್ದರು. 1994ರಲ್ಲಿ ಜೋನ್ ಮಿಲ್ಲರ್, ಆಂಥೊನಿ ಅಡಮಿಸ್ ಮತ್ತು ಸಂಗಡಿಗರು ಕೋತಿಗಳ ಅಕ್ಷಿಪಟಲದ ಅಭಿಧಮನಿಗಳನ್ನು ಲೇಸರಿನಿಂದ ಮುಚ್ಚಿ, ಕಣ್ಣಿನೊಳಗಿನ ದ್ರವದಲ್ಲಿ ವಿಇಜಿಎಫ್ ಎಂಬ ಪ್ರೋಟೀನು ಏರಿದಾಗ ನಾಳಗಳೂ ಬೆಳೆಯುತ್ತವೆ, ಇಳಿದಾಗ ಅವೂ ಕುಗ್ಗುತ್ತವೆ ಎಂದು ತೋರಿಸಿದರು. ಎರಡು ವರ್ಷಗಳ ಅನಂತರ ಆ ಪ್ರೋಟೀನನ್ನು ಕಟ್ಟಿಹಾಕುವ ಪ್ರತಿಕಾಯವನ್ನು ಕೋತಿಗಳ ಕಣ್ಣಿಗೆ ಚುಚ್ಚಿದಾಗ ನಾಳಗಳ ಬೆಳವಣಿಗೆ ನಿಂತಿತು. ಮುಂದೆ 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ರಯಾನ್ ಅವರ ವಿಧಾನವನ್ನೇ ಬಳಸಿ ಆ ಬಗೆಯ ಪ್ರತಿಕಾಯದ ತುಣುಕೊಂದನ್ನು ಕೋತಿಗಳಲ್ಲಿ ನೋಡಲಾಯಿತು. ರಾನಿಬಿಜುಮ್ಯಾಬ್ ಎಂಬ ಔಷಧಕ್ಕೆ 2006ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹಿರಿಯರ ಪ್ರಶ್ನೆಗೆ ನೇರವಾದ ಉತ್ತರ ಇಷ್ಟೇ: ಮೊದಲು ಹಾಕಿ ನೋಡಿದ್ದು ಕೋತಿಯ ಕಣ್ಣಿಗೆ.

ಆ ಕೋತಿಗಳು ಎಲ್ಲಿಯವು ಎಂದು ಕೇಳಿದರೆ ಕಥೆ ನಮ್ಮ ದೇಶಕ್ಕೆ ಬರುತ್ತದೆ. ಈ ಔಷಧದ ಪರೀಕ್ಷೆಗೆ ಬಳಸಿದವು ಆಗ್ನೇಯ ಏಷ್ಯ ಮೂಲದ ಜಾತಿಯವು. ಆದರೆ ಅದಕ್ಕೂ ಹಿಂದಿನ ದಶಕಗಳಲ್ಲಿ ಪಾಶ್ಚಾತ್ಯ ಪ್ರಯೋಗಶಾಲೆಗಳನ್ನು ತುಂಬಿದ್ದುದು ಉತ್ತರ ಭಾರತದ ರೀಸಸ್ ಕೋತಿ. ಕ್ಲಾರೆನ್ಸ್ ಕಾರ್ಪೆಂಟರ್ ಎಂಬ ಸಂಶೋಧಕರು 1938ರಲ್ಲಿ ಇಲ್ಲಿಂದ ಸುಮಾರು 400 ರೀಸಸ್ ಕೋತಿಗಳನ್ನು ಹಡಗಿನಲ್ಲಿ ಒಯ್ದು, ಪೋರ್ಟರಿಕೊದ ಕರಾವಳಿಗೆ ಹತ್ತಿರದ ಕಾಯೊ ಸಾಂಟಿಯಾಗೊ ಎಂಬ ಪುಟ್ಟ ದ್ವೀಪದಲ್ಲಿ ಬಿಟ್ಟರು. ಅವುಗಳ ಸಂತತಿ ಇಂದಿಗೂ ಅಲ್ಲಿದೆ. ಆ ವಂಶದ ಮುದಿ ಕೋತಿಗಳ ಮ್ಯಾಕ್ಯುಲದಲ್ಲಿ ಮನುಷ್ಯರಲ್ಲಿ ರೋಗದ ಮುನ್ಸೂಚನೆಯಾಗಿ ಕಾಣುವಂಥ ಹಳದಿ ಕಲೆಗಳೇ ಮೂಡುತ್ತವೆಂದು ನೇತ್ರತಜ್ಞರು ಪರೀಕ್ಷಿಸಿ ದಾಖಲಿಸಿದ್ದಾರೆ. ಇಲ್ಲಿ ಯಾರೂ ಗಾಯ ಮಾಡಲಿಲ್ಲ, ಯಾರೂ ಹೊಲಿಯಲಿಲ್ಲ. ಅವು ಮುದಿಯಾದುವು, ಅಷ್ಟೇ. ಹಾಗಿದ್ದೂ ಅವುಗಳಲ್ಲಿ ರೋಗ ನಮ್ಮಷ್ಟು ಉಗ್ರಸ್ಥಿತಿಗೆ ಹೋಗುವುದು ವಿರಳ. ಹೋಲಿಕೆ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಹೇಳಬೇಕಾದದ್ದು ನ್ಯಾಯ.

1950ರ ದಶಕದಲ್ಲಿ ಪೋಲಿಯೊ ಲಸಿಕೆಯ ಸಲುವಾಗಿ ಭಾರತದಿಂದ ವರ್ಷಕ್ಕೆ ಲಕ್ಷಕ್ಕೂ ಮೀರಿ ಕೋತಿಗಳು ವಿಮಾನವೇರಿದುವು. 1955ರಲ್ಲಿ ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ನೂರಾರು ಕೋತಿಗಳು ಉಸಿರುಕಟ್ಟಿ ಸತ್ತಾಗ ಸರಕಾರವು ರಫ್ತನ್ನು ಕೆಲಕಾಲ ತಡೆಹಿಡಿಯಿತು. ವೈದ್ಯಕೀಯ ಸಂಶೋಧನೆಗಲ್ಲದೆ ಬೇರೆ ಉದ್ದೇಶಕ್ಕೆ ಬಳಸಬಾರದೆಂಬ ಕರಾರು ಆಮೇಲೆ ಬಂತು. ಅಮೆರಿಕದ ಸೇನೆಯ ವಿಕಿರಣ ಪ್ರಯೋಗಗಳಲ್ಲಿ ಆ ಕರಾರು ಮುರಿದಿತ್ತೆಂಬ ಸಂಗತಿ ಬಯಲಾದ ಬಳಿಕ, 1978ರಲ್ಲಿ ಮೊರಾರ್ಜಿ ದೇಸಾಯಿಯವರ ಸರಕಾರ ರಫ್ತನ್ನು ಪೂರ್ತಿಯಾಗಿ ನಿಷೇಧಿಸಿತು. ಒಂದು ಕಾಲಕ್ಕೆ ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಮೊರಾರ್ಜಿಯವರ ಹಟವನ್ನು ಈ ನಗರದ ಹಳಬರು ಬೇರೆ ಕಾರಣಗಳಿಗಾಗಿ ನೆನೆಯುವುದುಂಟು. ಈ ಒಂದು ವಿಷಯದಲ್ಲಿ ಆ ಹಟ ಮೆಚ್ಚತಕ್ಕದ್ದೆಂದು ನನ್ನ ಅಭಿಪ್ರಾಯ.

ಮುಂಬಯಿಯೇ ಎರಡು ಬಗೆಯ ಕೋತಿಗಳು ಸಂಧಿಸುವ ಗಡಿ ಎಂಬುದನ್ನು ಇಲ್ಲಿ ಹೇಳಬೇಕು. ಉತ್ತರದ ರೀಸಸ್ ಹಾಗೂ ನೆತ್ತಿಯ ಕೂದಲು ಟೊಪ್ಪಿಗೆಯಂತೆ ಹರಡಿಕೊಂಡಿರುವ ದಕ್ಷಿಣದ ಬಾನೆಟ್ ಕೋತಿ, ಎರಡೂ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಇವೆ. ಕಾನ್ಹೇರಿಯ ಗುಹೆಗಳ ಶಾಸನಗಳನ್ನು ನೋಡಲು ಹೋದ ನಮ್ಮ ವಿದ್ಯಾರ್ಥಿಗಳ ಬುತ್ತಿಯನ್ನು ಕಸಿದುಕೊಂಡ ಕೋತಿ ಯಾವ ಜಾತಿಯದೆಂದು ಆಗ ನಾವು ವಿಚಾರಿಸಿರಲಿಲ್ಲ! ಪರೇಲಿನಲ್ಲಿ 1970ರಲ್ಲಿ ಸ್ಥಾಪಿತವಾದ ಸಂತಾನೋತ್ಪತ್ತಿ ಸಂಶೋಧನೆಯ ಸಂಸ್ಥೆಯಲ್ಲಿ ಬಾನೆಟ್ ಕೋತಿಗಳನ್ನು ಬಹುಕಾಲ ಅಧ್ಯಯನಕ್ಕೆ ಬಳಸಿದ್ದಾರೆ. ಅಲ್ಲಿಯ ವಿಷಯ ಗರ್ಭನಿರೋಧ, ದೃಷ್ಟಿಯಲ್ಲ.

ದೃಷ್ಟಿಯನ್ನು ಕುರಿತ ಕೆಲಸ ನಡೆದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅದೂ ನಮ್ಮ ಹಳ್ಳಿಗಳ ಅದೇ ಟೊಪ್ಪಿಗೆಯ ಮಂಗನ ನೆರವಿನಿಂದ. ಅಲ್ಲಿಯ ಅಧ್ಯಯನ ರೋಗದ್ದಲ್ಲ, ಕಣ್ಣು ಕಳಿಸಿದ ಸಂದೇಶವನ್ನು ಮೆದುಳು ಹೇಗೆ ಅರಿಯುತ್ತದೆ ಎಂಬುದರದು. ಸುಪ್ರತಿಮ್ ರೇ ಮತ್ತು ಅವರ ಸಹೋದ್ಯೋಗಿ, ಕೆಂಪು ಛಾಯೆಯ ಬಣ್ಣಗಳನ್ನು ನೋಡಿದಾಗ ಮಂಗನ ಮೆದುಳಿನ ದೃಶ್ಯಭಾಗದಲ್ಲಿ ಅಸಾಧಾರಣವಾದ ವಿದ್ಯುತ್ ಕಂಪನಗಳು ಏಳುವುದನ್ನು 2018ರಲ್ಲಿ ವರದಿ ಮಾಡಿದರು. ಎಸ್. ಪಿ. ಅರುಣ್ ಅವರ ತಂಡ 2021ರಲ್ಲಿ ಪ್ರಕಟಿಸಿದ ಪ್ರಬಂಧ ನನಗೆ ಹೆಚ್ಚು ಹಿಡಿಸಿತು. ಸಾಮಾನ್ಯವಾಗಿ ಇಂಥ ಪರೀಕ್ಷೆಗಳಲ್ಲಿ ಮಂಗನನ್ನು ಕುರ್ಚಿಯಲ್ಲಿ ಅಲುಗಾಡದಂತೆ ಕೂರಿಸುವುದು ವಾಡಿಕೆ. ಈ ತಂಡವು ಮಂಗಗಳು ಗುಂಪಾಗಿ ಓಡಾಡಿಕೊಂಡಿರುವ ಆವರಣದಲ್ಲಿಯೇ ಸ್ಪರ್ಶಪರದೆಯನ್ನು ಅಳವಡಿಸಿತು. ಮಂಗ ತಾನಾಗಿ ಬಂದು, ಪರದೆಯ ಚಿತ್ರಗಳನ್ನು ನೋಡಿ ಉತ್ತರ ಮುಟ್ಟಿದರೆ ಹಣ್ಣಿನ ರಸ ದೊರೆಯುತ್ತದೆ. ಅದರ ನೋಟ ಎಲ್ಲಿ ನೆಟ್ಟಿದೆ ಎಂಬುದನ್ನು ಯಂತ್ರ ಗುರುತಿಸಿಕೊಳ್ಳುತ್ತದೆ. ತರಬೇತಿಯಿಲ್ಲದ ಒಂದು ಮಂಗ ಉಳಿದವು ಮಾಡುವುದನ್ನು ನೋಡಿಯೇ ಕೆಲಸ ಕಲಿತುಕೊಂಡಿತಂತೆ. ಇದೇ ಪ್ರಯೋಗಶಾಲೆಯು 2019ರಲ್ಲಿ ತೆಲುಗು ಮತ್ತು ಮಲಯಾಳಂ ಓದುಗರನ್ನು ಹೋಲಿಸಿ, ಲಿಪಿ ಕಲಿತವರ ಮೆದುಳು ಅಕ್ಷರಜೋಡಣೆಯನ್ನು ಕಾಣುವ ಬಗೆಯೇ ಬದಲಾಗುತ್ತದೆಂದು ತೋರಿಸಿತ್ತು. ಕನ್ನಡ ಲಿಪಿಯನ್ನು ಹಿಡಿದು ಅಂಥದೊಂದು ಅಧ್ಯಯನಕ್ಕೆ ಕನ್ನಡ ವಿಭಾಗಗಳು ಕೈಜೋಡಿಸಬಾರದೇಕೆ?

ವಿಜ್ಞಾನಿಗಳು ಇಂಥ ಪ್ರಾಣಿಯನ್ನು 'ಮಾದರಿ' ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಮಾದರಿ ಎಂದರೆ ಅನುಸರಿಸತಕ್ಕದ್ದು. ಮಾದರಿ ಶಿಕ್ಷಕ, ಮಾದರಿ ಗ್ರಾಮ ಎನ್ನುವುದಿಲ್ಲವೆ? ಪ್ರಯೋಗಶಾಲೆಯ ಅರ್ಥದಲ್ಲಿ ಅದು ಬದಲಿಗೆ ನಿಂತವನು, ನಮ್ಮ ಪಾಲಿನ ನೋವನ್ನು ಮೊದಲು ಉಂಡವನು. ಇದಕ್ಕೆ ಬೇರೆ ಶಬ್ದ ಬೇಕೆಂದು ನನಗೆ ಅನಿಸುತ್ತದೆ, ಆದರೆ ಹೊಳೆದಿಲ್ಲ. ನಮ್ಮಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯೂ ಅದರ ಅಡಿಯಲ್ಲಿ 1998ರಲ್ಲಿ ಬಂದ ನಿಯಮಗಳೂ ಇವೆ; ಸಮಿತಿಯ ಅನುಮತಿಯಿಲ್ಲದೆ ಮಂಗನ ಮೇಲೆ ಪ್ರಯೋಗ ಮಾಡುವಂತಿಲ್ಲ. ಎಲ್ಲ ಕಣ್ಣಿನ ಚಿಕಿತ್ಸೆಗೂ ಮಂಗನೇ ಬೇಕೆಂದೂ ಇಲ್ಲ. ವಂಶಪಾರಂಪರ್ಯವಾಗಿ ಬರುವ ಒಂದು ಅಂಧತ್ವಕ್ಕೆ 2017ರಲ್ಲಿ ಅನುಮತಿ ಪಡೆದ ಜೀನ್ ಚಿಕಿತ್ಸೆ ಮೊದಲು ಫಲಿಸಿದ್ದು ನಾಯಿಗಳಲ್ಲಿ. ಆದರೂ ಕುಳಿಯ ಪ್ರಶ್ನೆ ಬಂದಾಗ ಮಂಗನನ್ನು ಬಿಟ್ಟು ಮುಂದೆ ಹೋಗುವ ದಾರಿ ಇನ್ನೂ ಪೂರ್ತಿಯಾಗಿ ತೆರೆದಿಲ್ಲ. ಚುಚ್ಚುಮದ್ದನ್ನು ಒಪ್ಪಿಕೊಂಡು ಪ್ರಯೋಗವನ್ನು ಮಾತ್ರ ಹಳಿಯುವುದು ನನ್ನಿಂದಾಗದು. ಹೊಲಿದ ರೆಪ್ಪೆಗಳನ್ನು ಮರೆತು ಹೊಗಳುವುದೂ ಆಗದು.

ಇದೆಲ್ಲವನ್ನೂ ಮಾಟುಂಗದ ಹಿರಿಯರ ಮುಂದೆ ಓದಿದೆ. ಕಾಯೊ ಸಾಂಟಿಯಾಗೊದ ಮುದಿ ಕೋತಿಗಳ ಭಾಗವನ್ನು ಅವರು ಎರಡು ಸಲ ಓದಿಸಿದರು. "ಅವಕ್ಕೆ ಯಾರಾದರೂ ಚುಚ್ಚುಮದ್ದು ಕೊಡುತ್ತಾರೆಯೇ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಭೂತಗನ್ನಡಿ ತೆಗೆದುಕೊಂಡು ನಾನು ಹಿಂದಿನ ವಾರ ತಿದ್ದಿ ಒಪ್ಪಿಸಿದ್ದ ಕರಡಿನ ಮೇಲೆ ಬಾಗಿದರು. ಮೂರನೆಯ ಪುಟದಲ್ಲಿ ನನ್ನ ಕಣ್ಣಿಗೆ ಬೀಳದೆ ಉಳಿದಿದ್ದ ಒಂದು ಒತ್ತಕ್ಷರದ ತಪ್ಪಿನ ಮೇಲೆ ಬೆರಳಿಟ್ಟರು.