ಪುಸ್ತಕ ಯಾರದು, ಪ್ರಕಾಶನ ಯಾರದು?

ಆಫ್ರಿಕನ್ ಅಮೆರಿಕನ್ ಸಾಹಿತ್ಯ ಎಂದ ಕೂಡಲೇ ನಮ್ಮ ಬಳಗದವರಿಗೆ ಟೋನಿ ಮಾರಿಸನ್, ಜೇಮ್ಸ್ ಬಾಲ್ಡ್‌ವಿನ್ ನೆನಪಾಗುತ್ತಾರೆ. ಆದರೆ ಒಳಪುಟದಲ್ಲಿ ಅಚ್ಚಾದ ಪ್ರಕಾಶಕರ ಹೆಸರನ್ನು ನಾವು ಗಮನಿಸುವುದು ಅಪರೂಪ. ಕಪ್ಪು ಲೇಖಕರ ಪುಸ್ತಕ ಕೊಳ್ಳುವುದು ಬೇರೆ, ಕಪ್ಪು ಜನರೇ ಒಡೆಯರಾಗಿರುವ ಪ್ರಕಾಶನವನ್ನೋ ಅಂಗಡಿಯನ್ನೋ ಉಳಿಸುವುದು ಬೇರೆ. ಮೊದಲನೆಯದರಿಂದ ಲೇಖಕರಿಗೆ ಗೌರವಧನ ಸಿಗುತ್ತದೆ. ಎರಡನೆಯದರಿಂದ, ಮುಂದೆ ಯಾವ ಪುಸ್ತಕ ಅಚ್ಚಾಗಬೇಕೆಂದು ನಿರ್ಧರಿಸುವ ಹಕ್ಕೂ ಆ ಸಮುದಾಯದಲ್ಲೇ ಉಳಿಯುತ್ತದೆ.

ಡೆಟ್ರಾಯಿಟ್‌ನ ಬ್ರಾಡ್‌ಸೈಡ್ ಪ್ರೆಸ್ಸನ್ನೇ ನೋಡೋಣ. ಕವಿ ಡಡ್ಲಿ ರಾಂಡಲ್ ವೃತ್ತಿಯಲ್ಲಿ ಗ್ರಂಥಪಾಲಕರು. 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಹುಡುಗಿಯರು ಸತ್ತಾಗ ಅವರೊಂದು ಕವಿತೆ ಬರೆದರು. 1965ರಲ್ಲಿ ಆರಂಭವಾದ ಈ ಪ್ರೆಸ್ಸಿನ ಮೊದಲ ಪ್ರಕಟಣೆ ಅದೇ, ಒಂದೇ ಒಂದು ಹಾಳೆ! 1950ರಲ್ಲಿ ಪುಲಿಟ್ಜರ್ ಪಡೆದ ಮೊದಲ ಕಪ್ಪು ಸಾಹಿತಿ ಗ್ವೆಂಡೊಲಿನ್ ಬ್ರೂಕ್ಸ್, ದೊಡ್ಡ ಪ್ರಕಾಶಕರನ್ನು ಬಿಟ್ಟು 1969ರಲ್ಲಿ ತಮ್ಮ 'ರಾಯಟ್' ಅನ್ನು ಈ ಪುಟ್ಟ ಪ್ರೆಸ್ಸಿಗೆ ಕೊಟ್ಟರು. ಶಿಕಾಗೋದ ಥರ್ಡ್ ವರ್ಲ್ಡ್ ಪ್ರೆಸ್ಸನ್ನು ಹಾಕಿ ಮಧುಬುಟಿ 1967ರಲ್ಲಿ 400 ಡಾಲರ್ ಮತ್ತು ಒಂದು ಮಿಮಿಯೋಗ್ರಾಫ್ ಯಂತ್ರದಿಂದ ಶುರುಮಾಡಿದರು.

ನಮ್ಮಂಥ ಕಂಪ್ಯೂಟರ್ ಜನಕ್ಕೆ ಹೆಚ್ಚು ಕುತೂಹಲ ಹುಟ್ಟಿಸುವುದು ಬಾಲ್ಟಿಮೋರ್‌ನ ಬ್ಲ್ಯಾಕ್ ಕ್ಲಾಸಿಕ್ ಪ್ರೆಸ್. ಮರೆತುಹೋದ ಹಳೆಯ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಲೆಂದು ಡಬ್ಲ್ಯು. ಪಾಲ್ ಕೋಟ್ಸ್ 1978ರಲ್ಲಿ ಇದನ್ನು ಕಟ್ಟಿದರು. ಇಂಥ ಪುಸ್ತಕಗಳ ಕಷ್ಟ ನಮಗೂ ಗೊತ್ತು. ಸಾವಿರ ಪ್ರತಿ ಹಾಕಿಸಿದರೆ ಉಗ್ರಾಣ ತುಂಬುತ್ತದೆ, ಹಾಕಿಸದಿದ್ದರೆ ಪುಸ್ತಕವೇ ಸಿಗುವುದಿಲ್ಲ. ಕೋಟ್ಸ್ 1995ರಲ್ಲಿ ತಮ್ಮದೇ ಡಿಜಿಟಲ್ ಮುದ್ರಣ ಆರಂಭಿಸಿ, ಬೇಕಾದಾಗ ಬೇಕಾದಷ್ಟೇ ಪ್ರತಿ ತೆಗೆಯುವ ದಾರಿ ಹಿಡಿದರು. 1997ರಲ್ಲಿ, ಆಗಲೇ ಜನಪ್ರಿಯರಾಗಿದ್ದ ವಾಲ್ಟರ್ ಮೋಸ್ಲಿ ತಮ್ಮ 'ಗಾನ್ ಫಿಶಿನ್' ಕಾದಂಬರಿಯನ್ನು ಇವರಿಗೆ ಕೊಟ್ಟರು. ಗೆದ್ದ ಲೇಖಕರು ಹಿಂತಿರುಗಿ ನೋಡಿದರೆ ಚಿಕ್ಕ ಪ್ರಕಾಶನಕ್ಕೆ ಎಷ್ಟು ಬಲ ಬರುತ್ತದೆ, ಯೋಚಿಸಿ.

ಇನ್ನು ಲೆಕ್ಕಾಚಾರ. 20 ಡಾಲರ್ ಪುಸ್ತಕವೊಂದು ವಿತರಕರ ಮೂಲಕ ಅಂಗಡಿಗೆ ಹೋದರೆ, ಅರ್ಧಕ್ಕಿಂತ ಹೆಚ್ಚು ಅವರಿಬ್ಬರ ಪಾಲಾಗುವುದು ಸಾಮಾನ್ಯ. ಉಳಿದದ್ದರಲ್ಲಿ ಮುದ್ರಣ, ಲೇಖಕರ ಪಾಲು, ಸಂಪಾದನೆ, ಅಂಚೆ ಎಲ್ಲವೂ ಆಗಬೇಕು. ಮಾರಾಟವಾಗದ ಪ್ರತಿಗಳನ್ನು ಅಂಗಡಿ ವಾಪಸ್ಸು ಕಳಿಸಬಹುದು ಬೇರೆ! 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ಮೇಲೆ ಕಪ್ಪು ಜನರ ಪುಸ್ತಕದಂಗಡಿಗಳಿಗೆ ಆರ್ಡರುಗಳ ಮಹಾಪೂರವೇ ಬಂತು. ಎಲ್ಲರಿಗೂ ಅವೇ ಕೆಲವು ಪುಸ್ತಕ ಬೇಕು, ಅವು ಮುಗಿದುಹೋದವು. ತಡವಾಯಿತೆಂದು ಸಿಟ್ಟಾದ ಗ್ರಾಹಕರೂ ಇದ್ದರು. ಒಂದು ತಿಂಗಳ ಉತ್ಸಾಹಕ್ಕಿಂತ ವರ್ಷವಿಡೀ ಬರುವ ನಾಲ್ಕು ಆರ್ಡರು ಮೇಲು ಎಂಬ ಪಾಠ ಇದರಲ್ಲಿದೆ.

ಹಾಗಾದರೆ ನಾವೇನು ಮಾಡಬಹುದು?

ಸಾಧ್ಯವಾದರೆ ಪ್ರಕಾಶಕರಿಂದಲೇ ನೇರವಾಗಿ ಕೊಳ್ಳೋಣ, ವಿತರಕರ ಪಾಲು ಅವರಿಗೇ ಉಳಿಯುತ್ತದೆ. ಹೊಸ ಪುಸ್ತಕದ ಜೊತೆಗೆ ಅವರ ಹಳೆಯ ಪಟ್ಟಿಯಿಂದಲೂ ಒಂದನ್ನು ತರಿಸೋಣ. ಬೇ ಏರಿಯಾದವರಿಗೆ 1960ರಲ್ಲಿ ಶುರುವಾದ ಮಾರ್ಕಸ್ ಬುಕ್ಸ್ ಓಕ್‌ಲ್ಯಾಂಡಿನಲ್ಲಿದೆ. ಹತ್ತಿರ ಅಂಗಡಿ ಇಲ್ಲದವರು ಬುಕ್‌ಶಾಪ್ ಡಾಟ್ ಆರ್ಗ್ ತಾಣದಲ್ಲಿ ಇಂಥದೊಂದು ಅಂಗಡಿಯನ್ನು ಆರಿಸಿಕೊಂಡರೆ ಮುಖಬೆಲೆಯ ಶೇಕಡಾ 30 ಆ ಅಂಗಡಿಗೆ ಹೋಗುತ್ತದೆ. ದುಡ್ಡೇ ಖರ್ಚಾಗದ ದಾರಿಯೂ ಇದೆ: ಊರಿನ ಲೈಬ್ರರಿಗೆ ಪುಸ್ತಕ ತರಿಸಿ ಎಂದು ಕೇಳುವುದು. ಒಡೆತನ ಯಾರದೆಂದು ನೋಡಿಕೊಳ್ಳುವುದೂ ಮುಖ್ಯ. 1986ರಲ್ಲಿ ಚಾರ್ಲ್ಸ್ ಹ್ಯಾರಿಸ್ ಸ್ಥಾಪಿಸಿದ ಅಮಿಸ್ಟಾಡ್ ಇಂದಿಗೂ ಕಪ್ಪು ಲೇಖಕರ ಒಳ್ಳೆಯ ಪುಸ್ತಕ ತರುತ್ತಿದೆ, ಆದರೆ 1999ರಿಂದ ಅದು ಹಾರ್ಪರ್‌ಕಾಲಿನ್ಸ್‌ನ ಭಾಗ.

ಪುಸ್ತಕಗಳನ್ನು ಹೊತ್ತು ಊರೂರು ಅಲೆದು ಮಾರಿದ ಗಳಗನಾಥರನ್ನೂ, ಚಂದಾದಾರರನ್ನೇ ನಂಬಿ ನಡೆದ ಧಾರವಾಡದ ಮನೋಹರ ಗ್ರಂಥಮಾಲೆಯನ್ನೂ ಬಲ್ಲ ನಮಗೆ ಇದು ಹೊಸ ಮಾತಲ್ಲ. ಓದುಗರು ಕೈಹಿಡಿದರೆ ಮಾತ್ರ ಇಂಥ ಪ್ರಕಾಶನಗಳು ಬಾಳುತ್ತವೆ. ಬಳಗದ ಮುಂದಿನ ಓದಿಗೆ ಇವುಗಳಲ್ಲೊಂದರ ಪುಸ್ತಕವನ್ನೇ ಆರಿಸಿ, ಎಲ್ಲರೂ ಸೇರಿ ಒಟ್ಟಿಗೇ ತರಿಸೋಣವೇ? ನಿಮ್ಮ ಸಲಹೆ ಬರೆದು ತಿಳಿಸಿ.