ಮಂಡಿಯ ಸವೆತವೂ ನೆತ್ತರಿನ ಕಿರುತಟ್ಟೆಗಳೂ

ನೆಲದಿಂದ ಏಳುವಾಗ ಮಂಡಿಯ ಮೇಲೆ ಕೈಯೂರಿ "ಅಮ್ಮಾ" ಎನ್ನುವ ಹಿರಿಯರಿಲ್ಲದ ಮನೆ ವಿರಳ. ನನ್ನ ಸೋದರಮಾವನವರಿಗೆ ಅರುವತ್ತೆಂಟರ ಪ್ರಾಯ. ವೈದ್ಯರು ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಮಂಡಿಯ ಮೂಳೆಗಳ ನಡುವಣ ತೆರವು ಕಿರಿದಾಗಿರುವುದನ್ನು ಅವರಿಗೆ ತೋರಿಸಿದರು. ಅವರದೇ ನೆತ್ತರಿನಿಂದ ತಯಾರಿಸಿದ ಮದ್ದನ್ನು ಸೂಜಿಯ ಮೂಲಕ ಮಂಡಿಗೆ ಸೇರಿಸುವ ಚಿಕಿತ್ಸೆಯೊಂದುಂಟೆಂದೂ ತಿಳಿಸಿದರು. ವೆಚ್ಚವೇನೂ ಅಲ್ಪವಲ್ಲ. "ನೀನು ವಿಜ್ಞಾನ ಓದಿದವನು. ಇದರಲ್ಲಿ ಹುರುಳುಂಟೋ ಇಲ್ಲವೋ ಹೇಳು" ಎಂದು ಮಾವ ಕೇಳಿದರು. ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಅದಲ್ಲವೆಂಬುದು ಪುಸ್ತಕಗಳನ್ನು ತೆರೆದ ಮೇಲೆಯೇ ನನಗೆ ತಿಳಿದದ್ದು.

ಮಂಡಿಯಲ್ಲಿ ತೊಡೆಯ ಮೂಳೆಯೂ ಅದರ ಕೆಳಗಿನ ಕಾಲಿನ ಮೂಳೆಯೂ ಸಂಧಿಸುತ್ತವೆ. ಅವು ಒಂದನ್ನೊಂದು ಉಜ್ಜದಂತೆ ಅವುಗಳ ತುದಿಗಳಿಗೆ ಕೆಲವೇ ಮಿಲಿಮೀಟರ್ ದಪ್ಪದ, ಬಹು ನುಣುಪಾದ ಮೃದ್ವಸ್ಥಿಯ ಹೊದಿಕೆಯುಂಟು. ಈ ಹೊದಿಕೆಯ ವೈಚಿತ್ರ್ಯವೆಂದರೆ ಇದರಲ್ಲಿ ರಕ್ತನಾಳಗಳೂ ಇಲ್ಲ, ನರಗಳೂ ಇಲ್ಲ. ನಾವು ನಡೆಯುವಾಗ ಇದು ಸ್ಪಂಜಿನಂತೆ ಅದುಮಿ ಬಿಟ್ಟು, ಕೀಲಿನೊಳಗಿನ ರಸದಿಂದಲೇ ತನ್ನ ಆಹಾರವನ್ನು ಹೀರಿಕೊಳ್ಳುತ್ತದೆ. ಹೊರೆ ಹೊರಲು ಈ ಏರ್ಪಾಡು ಸಾಕು. ಆದರೆ ಗಾಯ ಮಾಯಲು ಸಾಲದು. ಒಮ್ಮೆ ಹಾಳಾದ ಮೃದ್ವಸ್ಥಿ ಮತ್ತೆ ಮೊದಲಿನಂತಾಗದೆಂದು ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲಿಯೇ ಬರೆದನು. ಆ ಮಾತು ಇಂದಿಗೂ ಬಹುಮಟ್ಟಿಗೆ ನಿಂತಿದೆ.

ನರಗಳೇ ಇಲ್ಲವೆಂದಮೇಲೆ ನೋವೆಲ್ಲಿಂದ? ಅಡಿಯ ಮೂಳೆಯಿಂದ, ಕೀಲನ್ನು ಸುತ್ತುವರಿದ ಪೊರೆಯಿಂದ. ಆದುದರಿಂದಲೇ ಸವೆತವೂ ನೋವೂ ಸಮನಾಗಿ ಸಾಗುವುದಿಲ್ಲ. ಚಿತ್ರದಲ್ಲಿ ಬಹಳ ಸವೆದಂತೆ ಕಾಣುವ ಮಂಡಿಯವರು ಸಲೀಸಾಗಿ ನಡೆದಾಡುವುದುಂಟು. ಇದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇನ್ನು ನೆತ್ತರಿನ ಕಡೆಗೆ ಬರೋಣ. ಡೆಂಗೆ ಜ್ವರ ಬಂದವರ ಮನೆಯಲ್ಲಿ ದಿನವೂ ಎಣಿಸುವ ಪ್ಲೇಟ್‌ಲೆಟ್‌ಗಳೇ ನೆತ್ತರಿನ ಕಿರುತಟ್ಟೆಗಳು. ಒಂದು ಘನ ಮಿಲಿಮೀಟರ್ ನೆತ್ತರಿನಲ್ಲಿ ಇವು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ. ನೆತ್ತರು ಹೆಪ್ಪುಗಟ್ಟುವುದರಲ್ಲಿ ಇವುಗಳ ಪಾತ್ರವನ್ನು ಇಟಲಿಯ ಬಿಜೊಜೆರೊ 1882ರಲ್ಲಿ ವಿವರಿಸಿದನು. ಹರಿದ ನಾಳಕ್ಕೆ ಬೆಣೆ ಹೊಡೆಯುವುದಷ್ಟೇ ಇವುಗಳ ಕೆಲಸವೆಂದು ಬಹುಕಾಲ ಎಣಿಸಲಾಗಿತ್ತು. 1974ರಲ್ಲಿ ಅಮೆರಿಕದ ರಸೆಲ್ ರಾಸ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದರು. ಕಿರುತಟ್ಟೆಗಳನ್ನು ತೆಗೆದುಹಾಕಿದ ದ್ರವದಲ್ಲಿ ಸ್ನಾಯುಕೋಶಗಳು ಸುಮ್ಮನಿದ್ದವು. ಕಿರುತಟ್ಟೆಗಳ ಸತ್ವ ಸೇರಿದಾಗ ಹುರುಪಿನಿಂದ ವೃದ್ಧಿಯಾದವು. ಗಾಯದ ಸ್ಥಳದಲ್ಲಿ ಕಿರುತಟ್ಟೆಗಳು ಬೆಳವಣಿಗೆಯನ್ನು ಪ್ರಚೋದಿಸುವ ವಸ್ತುಗಳನ್ನು ಸುರಿಸುತ್ತವೆಂಬುದು ಇದರಿಂದ ತಿಳಿದುಬಂತು.

ಈಗ ಎರಡನ್ನೂ ಕೂಡಿಸಿ ನೋಡಿ. ಮೃದ್ವಸ್ಥಿಗೆ ನೆತ್ತರು ಹೋಗದು, ಆದ್ದರಿಂದ ಕಿರುತಟ್ಟೆಗಳೂ ಹೋಗವು. ನಾವೇ ಅವನ್ನು ಅಲ್ಲಿಗೆ ಒಯ್ದರೆ? ತೋಳಿನಿಂದ ತೆಗೆದ ನೆತ್ತರನ್ನು ಯಂತ್ರದಲ್ಲಿಟ್ಟು ವೇಗವಾಗಿ ತಿರುಗಿಸಿದರೆ ಭಾರವಾದ ಕೆಂಪುಕಣಗಳು ತಳ ಸೇರುತ್ತವೆ. ಮೇಲೆ ಹುಲ್ಲಿನ ಬಣ್ಣದ ಪ್ಲಾಸ್ಮ ನಿಲ್ಲುತ್ತದೆ. ಅದರಲ್ಲಿ ಕಿರುತಟ್ಟೆಗಳು ದಟ್ಟವಾಗಿರುವ ಭಾಗವನ್ನು ಹೀರಿ ಮಂಡಿಗೆ ಚುಚ್ಚುವುದೇ ಈ ಚಿಕಿತ್ಸೆ. ಇದಕ್ಕಿಂತ ಸೊಗಸಾದ ತರ್ಕ ಅಪರೂಪ. ಆದರೆ ತರ್ಕದ ಸೊಗಸನ್ನು ಮಂಡಿ ಅರಿಯದಲ್ಲ!

ಪರೀಕ್ಷೆಗಳು ನಡೆದವು. ಚಂಡೀಗಢದ ವೈದ್ಯರು 78 ಮಂದಿಯ 156 ಮಂಡಿಗಳಲ್ಲಿ ಕೆಲವಕ್ಕೆ ಪ್ಲಾಸ್ಮವನ್ನೂ ಕೆಲವಕ್ಕೆ ಬರಿಯ ಲವಣಜಲವನ್ನೂ ಚುಚ್ಚಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರು ತಿಂಗಳ ಕೊನೆಗೆ ಪ್ಲಾಸ್ಮ ಪಡೆದವರೇ ಮೇಲಾಗಿದ್ದರು. ಭರವಸೆ ಮೂಡಿತು. ಬಳಿಕ ಆಸ್ಟ್ರೇಲಿಯದಲ್ಲಿ 288 ಮಂದಿಯ ಮೇಲೆ ಇನ್ನೂ ದೊಡ್ಡ ಪರೀಕ್ಷೆ ನಡೆಯಿತು. ಅಲ್ಲಿ ಎಲ್ಲರಿಂದಲೂ ನೆತ್ತರು ತೆಗೆದರು. ಸಿರಿಂಜಿನ ಒಳಗೇನಿದೆಯೆಂದು ರೋಗಿಗೂ ತಿಳಿಯದು, ಚುಚ್ಚುವ ವೈದ್ಯನಿಗೂ ತಿಳಿಯದು. ವಾರಕ್ಕೊಂದರಂತೆ ಮೂರು ಚುಚ್ಚುಮದ್ದು. 2021ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಹತ್ತರ ಮಾನದಲ್ಲಿ ಅಳೆದ ನೋವು ವರ್ಷದ ಕೊನೆಗೆ ಪ್ಲಾಸ್ಮದವರಲ್ಲಿ 2.1ರಷ್ಟು ಇಳಿದಿತ್ತು, ಲವಣಜಲದವರಲ್ಲಿ 1.8ರಷ್ಟು. ಮಂಡಿಯ ಒಳಮಗ್ಗುಲಿನ ಮೃದ್ವಸ್ಥಿ ಮೊದಲನೆಯವರಲ್ಲಿ ಶೇಕಡ 1.4, ಎರಡನೆಯವರಲ್ಲಿ ಶೇಕಡ 1.2ರಷ್ಟು ಕುಗ್ಗಿತ್ತು. ಈ ವ್ಯತ್ಯಾಸಗಳು ಲೆಕ್ಕಕ್ಕೆ ಬರತಕ್ಕವಲ್ಲ.

ಉಪ್ಪುನೀರು ಪಡೆದವರಲ್ಲಿಯೂ ನೋವು ಇಳಿದುದೇಕೆ? ನೋವು ಉಲ್ಬಣಿಸಿದಾಗಲೇ ಜನ ವೈದ್ಯರನ್ನು ಕಾಣುತ್ತಾರೆ; ಏರಿದ ನೋವು ತಾನಾಗಿಯೇ ಒಂದಿಷ್ಟು ಇಳಿಯುವುದೂ ಸಹಜ. ಗುಣವಾಗುವುದೆಂಬ ನಂಬಿಕೆಯೂ ನೋವನ್ನು ತಗ್ಗಿಸುತ್ತದೆ. ಮೃದ್ವಸ್ಥಿ ಕುಗ್ಗುತ್ತಲೇ ಇದ್ದರೂ ನೋವು ಇಳಿಯಬಹುದೆಂಬುದನ್ನು ಮೇಲೆಯೇ ಹೇಳಿದೆ. ಆದುದರಿಂದ ಸೂಜಿಯಿಂದ ತಮಗೆ ಗುಣವಾಯಿತೆನ್ನುವ ನೆರೆಯವರು ಸುಳ್ಳು ಹೇಳುತ್ತಿಲ್ಲ. ಗುಣವಾದದ್ದು ಯಾವುದರಿಂದ ಎಂಬುದಷ್ಟೇ ಪ್ರಶ್ನೆ.

ವಾದ ಇಲ್ಲಿಗೇ ಮುಗಿದಿಲ್ಲ. ಆಸ್ಟ್ರೇಲಿಯದ ಮದ್ದಿನಲ್ಲಿ ಕಿರುತಟ್ಟೆಗಳ ಸಾಂದ್ರತೆ ಸಾಲದಾಗಿತ್ತೆಂದು ಚಿಕಿತ್ಸೆಯ ಪಕ್ಷದವರು ಆಕ್ಷೇಪಿಸಿದ್ದಾರೆ. ಆಕ್ಷೇಪಣೆ ತಳ್ಳಿಹಾಕುವಂಥದಲ್ಲ, ಒಂದೊಂದು ಕಡೆ ಒಂದೊಂದು ಬಗೆಯಾಗಿ ಇದನ್ನು ತಯಾರಿಸುವುದರಿಂದ ಒಂದೇ ಹೆಸರಿನಲ್ಲಿ ಹಲವು ಮದ್ದುಗಳಿವೆ. ಆದರೆ ಹಣ ತೆರುವವರಿಗೆ ಈ ಮಾತನ್ನು ಮೊದಲೇ ತಿಳಿಸುವುದು ನ್ಯಾಯವೆಂದು ನನ್ನ ಎಣಿಕೆ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮದ ವಿಷಯದಲ್ಲಿ ಇಂಥ ತಕರಾರಿಲ್ಲ. ತೂಕವನ್ನು ಇಳಿಸುವುದೂ ಹಾಗೆಯೇ: ದೇಹದ ತೂಕ ಒಂದು ಕಿಲೋಗ್ರಾಂ ತಗ್ಗಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋಗ್ರಾಂ ತಗ್ಗುವುದೆಂದು 2005ರ ಒಂದು ಅಧ್ಯಯನ ತೋರಿಸಿತು.

ಇದನ್ನೆಲ್ಲ ಕೇಳಿದ ಮಾವ, "ಹಾಗಾದರೆ ಆ ಉಪ್ಪುನೀರಿನ ಸೂಜಿಯನ್ನೇ ಹಾಕುವವರು ಯಾರಾದರೂ ಇದ್ದಾರೆಯೇ?" ಎಂದರು. ಉಪ್ಪುನೀರೆಂದು ತಿಳಿದ ಮೇಲೂ ಅದು ಕೆಲಸ ಮಾಡೀತೇ ಎಂದು ನಾನು ಕೇಳಿದೆ. ಅವರು ನಕ್ಕರು. ಈಗ ಬೆಳಗ್ಗೆ ಕುರ್ಚಿಯಲ್ಲಿ ಕುಳಿತು, ಕಾಲನ್ನು ನೀಳವಾಗಿ ಎತ್ತಿಹಿಡಿದು ಹತ್ತರವರೆಗೆ ಎಣಿಸುತ್ತಾರೆ. ಸೂಜಿಯ ವಿಷಯವನ್ನು ಇನ್ನೂ ನಿಶ್ಚಯಿಸಿಲ್ಲ.